ಗೋಡೆಯಿಲ್ಲದ ಜೈಲಿನಿಂದ ಕೈದಿ ಏಕೆ ಓಡಿಹೋಗುವುದಿಲ್ಲ?



ನಮ್ಮ ಮಾತಿನಲ್ಲಿ ಜೈಲಿಗೆ ಅಡ್ಡಹೆಸರುಗಳು ಬಹಳ. ‘ಮಾವನ ಮನೆಗೆ ಹೋಗಿದ್ದಾನೆ’ ಅನ್ನುತ್ತೇವೆ, ‘ಕಂಬಿ ಎಣಿಸುತ್ತಿದ್ದಾನೆ’ ಅನ್ನುತ್ತೇವೆ, ಬೆಂಗಳೂರು-ಮೈಸೂರು ಕಡೆಯವರಾದರೆ ‘ಮುದ್ದೆ ಮುರೀತಿದಾನೆ’ ಎಂದು ನಗುತ್ತೇವೆ. ಮುಂಬೈಯಲ್ಲಿರುವ ನಿಮಗೆ ಆರ್ಥರ್ ರೋಡ್, ಪುಣೆಯವರಿಗೆ ಯೆರವಡಾ, ದೆಹಲಿಯವರಿಗೆ ತಿಹಾರ್, ಚೆನ್ನೈಯವರಿಗೆ ಪುಳಲ್, ಹೈದರಾಬಾದಿನವರಿಗೆ ಚಂಚಲಗುಡ ಚಿರಪರಿಚಿತ ಹೆಸರುಗಳು. ಆ ಎತ್ತರದ ಗೋಡೆಯ ಪಕ್ಕದ ರಸ್ತೆಯಲ್ಲಿ ಎಷ್ಟೋ ಸಲ ಹಾದುಹೋಗಿರುತ್ತೀರಿ. ಒಳಗಿರುವುದು ಬೇರೆಯೇ ಲೋಕ, ನಮಗೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ನಮ್ಮೆಲ್ಲರದು.

ಆದರೆ ಒಂದು ಸಂಗತಿಯನ್ನು ನಾವು ಮರೆಯುತ್ತೇವೆ. ಒಳಗೆ ಹೋದವರಲ್ಲಿ ಬಹುಪಾಲು ಜನ ಒಂದಲ್ಲ ಒಂದು ದಿನ ಹೊರಗೆ ಬರುತ್ತಾರೆ. ನಾವು ಹತ್ತುವ ಬಸ್ಸನ್ನೇ ಹತ್ತುತ್ತಾರೆ, ನಮ್ಮ ಬೀದಿಯಲ್ಲೇ ಬಾಡಿಗೆ ಮನೆ ಹುಡುಕುತ್ತಾರೆ. ಹಾಗಾದರೆ ಅವರು ಹೇಗೆ ಹೊರಗೆ ಬರಬೇಕು? ಇನ್ನಷ್ಟು ಕೆಟ್ಟು, ಇನ್ನಷ್ಟು ಸಿಟ್ಟಾಗಿ ಬರಬೇಕೇ, ಅಥವಾ ಒಂದು ಕೆಲಸ, ಒಂದು ಸಂಸಾರ, ಒಂದಿಷ್ಟು ಮಾನ ಉಳಿಸಿಕೊಂಡು ಬರಬೇಕೇ? ಜೈಲು ಸುಧಾರಣೆ ಎಂದರೆ ಕೈದಿಗಳ ಮೇಲೆ ತೋರಿಸುವ ದಯೆ ಎಂದು ಹಲವರು ತಿಳಿದಿದ್ದಾರೆ. ಅದು ನಮ್ಮ ಬೀದಿಯ ನೆಮ್ಮದಿಯ ಪ್ರಶ್ನೆಯೂ ಹೌದು. ಇದಕ್ಕೆ ನಮ್ಮ ದೇಶದಲ್ಲೇ, ಎಂಬತ್ತು ವರ್ಷಗಳಿಗೂ ಹಿಂದಿನಿಂದ ನಡೆದು ಬಂದಿರುವ ಒಂದು ಉತ್ತರವಿದೆ. ಅದರ ಹೆಸರು ಬಯಲು ಬಂದೀಖಾನೆ.

ಮೊದಲು ಒಂದಿಷ್ಟು ಅಂಕಿಅಂಶ

ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿಯ ಪ್ರಕಾರ 2022ರ ಕೊನೆಗೆ ದೇಶದಲ್ಲಿ 1,330 ಜೈಲುಗಳಿದ್ದವು. ಅವುಗಳಲ್ಲಿ 4,36,266 ಜನರಿಗೆ ಜಾಗವಿತ್ತು. ಇದ್ದವರು 5,73,220 ಜನ. ಅಂದರೆ ನೂರು ಜನ ಮಲಗಬೇಕಾದ ಕಡೆ ನೂರ ಮೂವತ್ತೊಂದು ಜನ. ಇದು ಇಡೀ ದೇಶದ ಸರಾಸರಿ. ದೊಡ್ಡ ನಗರಗಳ ಕೆಲವು ಜೈಲುಗಳಲ್ಲಿ ಸ್ಥಿತಿ ಇದಕ್ಕಿಂತ ಎಷ್ಟೋ ಕೆಟ್ಟದ್ದು. ಸರದಿಯ ಮೇಲೆ ನಿದ್ದೆ ಮಾಡುವ, ಒಂದೇ ಶೌಚಾಲಯಕ್ಕೆ ಹತ್ತಾರು ಜನ ಕಾಯುವ ಪರಿಸ್ಥಿತಿ.

ಇದಕ್ಕಿಂತ ಮನಸ್ಸನ್ನು ಕಲಕುವ ಇನ್ನೊಂದು ಲೆಕ್ಕವಿದೆ. ಆ ಐದೂ ಮುಕ್ಕಾಲು ಲಕ್ಷ ಜನರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಮೇಲೆ ಅಪರಾಧ ಇನ್ನೂ ಸಾಬೀತಾಗಿರಲೇ ಇಲ್ಲ. ಅವರಲ್ಲಿ ಅಪರಾಧ ಮಾಡಿದವರೂ ಇರಬಹುದು, ಮಾಡದವರೂ ಇರಬಹುದು. ಜಾಮೀನು ಸಿಕ್ಕಿದರೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿದವರೂ ಇದ್ದಾರೆ. ‘ಜೈಲಿನಲ್ಲಿರುವವರೆಲ್ಲ ಕಳ್ಳರು, ಕೊಲೆಗಡುಕರು’ ಎಂದು ಹೇಳುವ ಮೊದಲು ಈ ಲೆಕ್ಕವನ್ನು ನೆನಪಿನಲ್ಲಿಡಬೇಕು.

ಇಷ್ಟು ಕಿಕ್ಕಿರಿದ ಕಡೆ ಸುಧಾರಣೆಯ ಮಾತು ಎಲ್ಲಿಂದ ಬರಬೇಕು? ಮೊದಲ ಸಲ ಮೊಬೈಲ್ ಕದ್ದ ಹುಡುಗನೂ, ಹತ್ತು ಸಲ ಒಳಗೆ ಹೊರಗೆ ಓಡಾಡಿದ ಪಳಗಿದವನೂ ಒಂದೇ ಬ್ಯಾರಕ್ಕಿನಲ್ಲಿ ಮಲಗಿದರೆ ಯಾರು ಯಾರಿಂದ ಕಲಿಯುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ.

ಶಿಕ್ಷೆ ಎಂದರೆ ಯಾವುದು?

ಇಲ್ಲಿ ಒಂದು ಮೂಲ ಪ್ರಶ್ನೆ ಬರುತ್ತದೆ. ನ್ಯಾಯಾಲಯ ಒಬ್ಬನಿಗೆ ಏಳು ವರ್ಷ ಸಜಾ ಕೊಟ್ಟರೆ ಅವನಿಂದ ಕಿತ್ತುಕೊಂಡದ್ದು ಏನು? ಅವನ ಸ್ವಾತಂತ್ರ್ಯ. ಬೇಕಾದಲ್ಲಿಗೆ ಹೋಗುವ, ಬೇಕಾದವರ ಜೊತೆ ಇರುವ ಸ್ವಾತಂತ್ರ್ಯ. ಅದೇ ಶಿಕ್ಷೆ. ಹಳಸಿದ ಊಟ, ಏಟು, ಅವಮಾನ, ಕಾಯಿಲೆ ಬಂದಾಗ ವೈದ್ಯರಿಲ್ಲದಿರುವುದು, ಇವು ಯಾವ ನ್ಯಾಯಾಧೀಶರೂ ಬರೆದ ಶಿಕ್ಷೆಯಲ್ಲ.

ಈ ಮಾತನ್ನು ನಮ್ಮ ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಸ್ಪಷ್ಟಪಡಿಸಿದೆ. ತಿಹಾರ್ ಜೈಲಿನ ಕೈದಿ ಸುನೀಲ್ ಬಾತ್ರಾ ಪ್ರಕರಣದ 1978 ಮತ್ತು 1979ರ ತೀರ್ಪುಗಳಲ್ಲಿ, ಜೈಲಿನ ಬಾಗಿಲು ದಾಟಿದ ಮಾತ್ರಕ್ಕೆ ಮನುಷ್ಯನ ಮೂಲಭೂತ ಹಕ್ಕುಗಳು ಹೊರಗೇ ಉಳಿಯುವುದಿಲ್ಲ ಎಂಬ ನಿಲುವು ತಳೆಯಿತು. ಎರಡನೆಯ ಪ್ರಕರಣ ಶುರುವಾದದ್ದು ಒಂದು ಪತ್ರದಿಂದ. ಜೊತೆಯ ಕೈದಿಯೊಬ್ಬನಿಗೆ ಆದ ಹಿಂಸೆಯ ಬಗ್ಗೆ ಬಾತ್ರಾ ಬರೆದ ಪತ್ರವನ್ನೇ ಕೋರ್ಟು ಅರ್ಜಿಯೆಂದು ಸ್ವೀಕರಿಸಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಹೆಸರು ಈ ತೀರ್ಪುಗಳ ಜೊತೆ ಸೇರಿಕೊಂಡಿದೆ.

ಇಂಥದ್ದೇ ಇನ್ನೊಂದು ಪತ್ರ ನಮ್ಮ ಬೆಂಗಳೂರಿನಿಂದ ಹೋಗಿತ್ತು. ಬೆಂಗಳೂರು ಸೆಂಟ್ರಲ್ ಜೈಲಿನ ಕೈದಿಯೊಬ್ಬರು ಒಳಗಿನ ಸ್ಥಿತಿಯನ್ನು ವಿವರಿಸಿ ದೇಶದ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಅದೇ ‘ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಪ್ರಕರಣವಾಗಿ 1996ರಲ್ಲಿ ತೀರ್ಪು ಬಂತು. ಇಡೀ ದೇಶದ ಜೈಲುಗಳನ್ನು ಕಾಡುವ ಒಂಬತ್ತು ಸಮಸ್ಯೆಗಳನ್ನು ಕೋರ್ಟು ಅದರಲ್ಲಿ ಪಟ್ಟಿ ಮಾಡಿತು. ಕಿಕ್ಕಿರಿದ ಬ್ಯಾರಕ್ಕು, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಕಡೆಗಣನೆ, ಊಟ ಬಟ್ಟೆಯ ಕೊರತೆ, ಮನೆಯವರ ಭೇಟಿಯ ತೊಂದರೆ ಹೀಗೆ. ಆ ಒಂಬತ್ತರಲ್ಲಿ ಬಯಲು ಬಂದೀಖಾನೆಗಳ ನಿರ್ವಹಣೆಯೂ ಒಂದು. ಹಾಗೆ ನೋಡಿದರೆ ಈ ಚರ್ಚೆಗೆ ಕನ್ನಡ ನಾಡಿನ ಒಬ್ಬ ಕೈದಿಯ ಕೊಡುಗೆಯೂ ಇದೆ.

ಔಂಧ್ ಸಂಸ್ಥಾನದ ಪ್ರಯೋಗ

ಈಗ ಬಯಲು ಬಂದೀಖಾನೆಯ ಕಥೆಗೆ ಬರೋಣ. ಪುಣೆ, ಮುಂಬೈಯ ಕೇಳುಗರಿಗೆ ಇದು ಹತ್ತಿರದ ಕಥೆ.

ಸ್ವಾತಂತ್ರ್ಯಕ್ಕೆ ಮೊದಲು ಈಗಿನ ಮಹಾರಾಷ್ಟ್ರದ ಸಾತಾರಾ, ಸಾಂಗ್ಲಿ ಭಾಗದಲ್ಲಿ ಔಂಧ್ ಎಂಬ ಪುಟ್ಟ ಸಂಸ್ಥಾನವಿತ್ತು. ಅದರ ಒಂದು ತುಂಡು ನಮ್ಮ ವಿಜಯಪುರ ಜಿಲ್ಲೆಯ ಗುಣದಾಳದಲ್ಲೂ ಇತ್ತು. ಅಲ್ಲಿನ ರಾಜ ಭವಾನರಾವ್ ಪಂತ ಪ್ರತಿನಿಧಿ. ನಾವೆಲ್ಲ ಬೆಳಿಗ್ಗೆ ಮಾಡುವ ಸೂರ್ಯನಮಸ್ಕಾರವನ್ನು ವ್ಯಾಯಾಮವಾಗಿ ಜನಪ್ರಿಯಗೊಳಿಸಿದವರು ಅವರೇ. 1938-39ರಲ್ಲಿ ಅವರು ತಮ್ಮ ಅಧಿಕಾರವನ್ನು ಪ್ರಜೆಗಳಿಗೇ ಒಪ್ಪಿಸಲು ಮುಂದಾದರು. ಗಾಂಧೀಜಿ ಸಲಹೆಯೊಂದಿಗೆ ಸಂಸ್ಥಾನಕ್ಕೆ ಗ್ರಾಮ ಪಂಚಾಯತಿಗಳ ಮೇಲೆ ನಿಂತ ಸಂವಿಧಾನ ಬಂತು.

ಈ ಕೆಲಸದಲ್ಲಿ ರಾಜರ ಮಗ ಅಪ್ಪಾ ಪಂತರಿಗೆ ಹೆಗಲು ಕೊಟ್ಟವರು ಮಾರಿಸ್ ಫ್ರೀಡ್‌ಮನ್. ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ ಎಂಜಿನಿಯರ್. ಇವರು ಭಾರತಕ್ಕೆ ಬಂದು ಮೊದಲು ಕೆಲಸ ಮಾಡಿದ್ದು ಬೆಂಗಳೂರಿನಲ್ಲಿ, ಮೈಸೂರು ಸರ್ಕಾರದ ಎಲೆಕ್ಟ್ರಿಕ್ ಫ್ಯಾಕ್ಟರಿಯಲ್ಲಿ. ಆಮೇಲೆ ಖಾದಿ ತೊಟ್ಟು, ಗಾಂಧಿ ದಾರಿ ಹಿಡಿದು ಔಂಧಿಗೆ ಹೋದರು. ಮುಂಬೈಯ ನಿಸರ್ಗದತ್ತ ಮಹಾರಾಜರ ಮಾತುಗಳನ್ನು ಇಂಗ್ಲಿಷಿಗೆ ತಂದವರೂ ಇದೇ ಫ್ರೀಡ್‌ಮನ್.

1939ರಲ್ಲಿ ಆಟಪಾಡಿಯ ಬಳಿ ಒಂದು ಬರಡು ಜಾಗದಲ್ಲಿ, ಗೋಡೆಯಿಲ್ಲದ ಒಂದು ವಸಾಹತು ಶುರುವಾಯಿತು. ಅದರ ಹೆಸರು ಸ್ವತಂತ್ರಪುರ. ಕೈದಿಗಳನ್ನು ಅಲ್ಲಿಗೆ ಕರೆತಂದು, ಬೇಡಿ ಬಿಚ್ಚಿ, ಉಳುಮೆ ಮಾಡಿ ಬದುಕಿರಿ ಎಂದರು. ಕಾವಲು ಎಂದರೆ ಬಹುಮಟ್ಟಿಗೆ ಕೊಟ್ಟ ಮಾತು. ಮಳೆ ಕಡಿಮೆಯಾದ ಆ ಕಲ್ಲು ನೆಲದಲ್ಲಿ ಕೈದಿಗಳು ಬೆಳೆ ತೆಗೆದರು. ಹೆಂಡತಿ ಮಕ್ಕಳನ್ನು ಜೊತೆಗಿಟ್ಟುಕೊಳ್ಳಲು ಅವಕಾಶವಾಯಿತು. ಸಂಸ್ಥಾನ ಹೋಯಿತು, ರಾಜ್ಯ ಬಂತು, ಸ್ವತಂತ್ರಪುರ ಮಾತ್ರ ಮಹಾರಾಷ್ಟ್ರದ ಕಾರಾಗೃಹ ಇಲಾಖೆಯ ಕೆಳಗೆ ಮುಂದುವರಿಯಿತು.

ಇದನ್ನು ಓದುವಾಗ ನಿಮಗೆ ಒಂದು ಸಿನಿಮಾ ನೆನಪಾಗುತ್ತಿರಬಹುದು. ಹೌದು, ವಿ. ಶಾಂತಾರಾಮರ 1957ರ ‘ದೋ ಆಂಖೇ ಬಾರಹ್ ಹಾಥ್’. ಆರು ಕೊಲೆಗಾರ ಕೈದಿಗಳನ್ನು ನಂಬಿ ಬಯಲಿಗೆ ಕರೆದುಕೊಂಡು ಹೋಗುವ ಜೈಲರನ ಕಥೆ. ಅದನ್ನು ಬರೆದವರು ಅದೇ ಸೀಮೆಯ ಕವಿ ಗ.ದಿ. ಮಾಡಗೂಳಕರ್. ಸ್ವತಂತ್ರಪುರವೇ ಆ ಕಥೆಯ ಮೂಲ. ಚಿತ್ರಕ್ಕೆ ಬರ್ಲಿನ್ ಚಿತ್ರೋತ್ಸವದಲ್ಲಿ ಪ್ರಶಸ್ತಿಯೂ ಬಂತು. ಸಿನಿಮಾದಲ್ಲಿ ಮಾತ್ರ ಇದೆಲ್ಲ ಸಾಧ್ಯ ಎಂದು ಹೇಳುವವರಿಗೆ, ನಡೆದ ಪ್ರಯೋಗದ ಮೇಲೆಯೇ ಸಿನಿಮಾ ಬಂದದ್ದು ಎಂದು ನೀವು ಹೇಳಬಹುದು.

ಸಾಂಗಾನೇರಿನ ಊರು

ಸ್ವತಂತ್ರ ಭಾರತದಲ್ಲಿ ಈ ವಿಚಾರವನ್ನು ಕೈಗೆತ್ತಿಕೊಂಡವರಲ್ಲಿ ಮುಖ್ಯರು ಸಂಪೂರ್ಣಾನಂದ. ಸ್ವಾತಂತ್ರ್ಯ ಹೋರಾಟದಲ್ಲಿ ತಾವೇ ಜೈಲು ಕಂಡವರು. ಅವರು ಉತ್ತರ ಪ್ರದೇಶದ ಸರ್ಕಾರದಲ್ಲಿದ್ದಾಗ, 1950ರ ದಶಕದಲ್ಲಿ, ವಾರಾಣಸಿ ಸಮೀಪದ ಚಂದ್ರಪ್ರಭಾ ನದಿಯ ಅಣೆಕಟ್ಟಿನ ಕೆಲಸಕ್ಕೆ ಕೈದಿಗಳನ್ನು ಕರೆತಂದು ಬಯಲು ಶಿಬಿರ ನಡೆಸಲಾಯಿತು. ಮುಂದೆ ಅವರು ರಾಜಸ್ಥಾನದ ರಾಜ್ಯಪಾಲರಾದರು. 1963ರಲ್ಲಿ ಜೈಪುರದ ಬಳಿಯ ಸಾಂಗಾನೇರಿನಲ್ಲಿ ಅವರ ಹೆಸರಿನದೇ ಬಂದೀ ಶಿಬಿರ ಆರಂಭವಾಯಿತು.

ಸಾಂಗಾನೇರಿನ ಶಿಬಿರ ನೋಡಿದರೆ ಜೈಲು ಎನಿಸುವುದಿಲ್ಲ, ಒಂದು ಸಣ್ಣ ಊರಿನಂತಿದೆ. ಕೈದಿಗಳು ಸಂಸಾರದೊಂದಿಗೆ ಪುಟ್ಟ ಮನೆಗಳಲ್ಲಿ ಇರುತ್ತಾರೆ. ಬೆಳಿಗ್ಗೆ ಹಾಜರಿ. ಆಮೇಲೆ ಒಬ್ಬ ವಾಚ್‌ಮನ್ ಕೆಲಸಕ್ಕೆ, ಒಬ್ಬ ಕೂಲಿಗೆ, ಇನ್ನೊಬ್ಬ ಅಂಗಡಿಗೆ ಹೀಗೆ ಹೊರಗೆ ದುಡಿಯಲು ಹೋಗುತ್ತಾರೆ. ಸಂಜೆ ಗೊತ್ತಾದ ಹೊತ್ತಿಗೆ ಮರಳಿ ಬರಬೇಕು, ಮತ್ತೆ ಹಾಜರಿ. ಇಷ್ಟು ದೂರಕ್ಕಿಂತ ಆಚೆ ಹೋಗಬಾರದು ಎಂಬ ಕಟ್ಟಳೆಯಿದೆ. ಹಾಜರಿ ಕರೆಯುವುದು, ಜಗಳ ಬಿಡಿಸುವುದು ಕೈದಿಗಳದೇ ‘ಬಂದೀ ಪಂಚಾಯತಿ’. ಊಟ, ಬಟ್ಟೆ, ಮಕ್ಕಳ ಫೀಸು ಎಲ್ಲವೂ ದುಡಿದವನ ಜವಾಬ್ದಾರಿ. ಸರ್ಕಾರ ಅಡುಗೆ ಮಾಡಿ ಹಾಕಬೇಕಿಲ್ಲ, ದೊಡ್ಡ ಕಾವಲು ಪಡೆ ಬೇಕಿಲ್ಲ. ಆದ್ದರಿಂದ ಒಬ್ಬ ಕೈದಿಯ ಮೇಲೆ ಮಾಮೂಲಿ ಜೈಲಿನಲ್ಲಿ ಆಗುವ ಖರ್ಚಿನ ಸಣ್ಣ ಪಾಲು ಮಾತ್ರ ಇಲ್ಲಿ ಆಗುತ್ತದೆ.

ಇಲ್ಲಿರುವವರು ಸಣ್ಣಪುಟ್ಟ ಕಳ್ಳರಲ್ಲ. ಬಹಳಷ್ಟು ಜನ ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ಆದವರು. ಶಿಕ್ಷೆಯ ಒಂದು ಭಾಗವನ್ನು ಮುಚ್ಚಿದ ಜೈಲಿನಲ್ಲಿ ಸನ್ನಡತೆಯಿಂದ ಕಳೆದ ಮೇಲೆ ಇಲ್ಲಿಗೆ ಬರುತ್ತಾರೆ. ಶಿಕ್ಷೆ ಮುಗಿದ ಮೇಲೂ ಮನೆ ಬಿಟ್ಟು ಹೋಗಲು ಹಿಂಜರಿದವರು ಇಲ್ಲಿ ಇದ್ದಾರೆ. ಜೈಲಿನಿಂದ ಹೊರಗೆ ಕಳಿಸುವುದೇ ಕಷ್ಟ ಎನ್ನುವಂಥ ಜೈಲು ಬೇರೆಲ್ಲಿ ಸಿಕ್ಕೀತು?

2024ರಲ್ಲಿ ಈ ಜಾಗದ ಒಂದು ಭಾಗವನ್ನು ಆಸ್ಪತ್ರೆಗೆ ಕೊಡುವ ವಿಷಯ ಬಂದಾಗ ಅದು ಸುಪ್ರೀಂ ಕೋರ್ಟಿನ ಮುಂದೆ ಹೋಯಿತು. ಬಯಲು ಬಂದೀಖಾನೆಗಳ ಜಾಗವನ್ನು ಕಡಿಮೆ ಮಾಡುವ ಪ್ರಯತ್ನ ಆಗಬಾರದು ಎಂದು ಕೋರ್ಟು ಅದೇ ವರ್ಷ ಹೇಳಿತ್ತು. ನಗರ ಬೆಳೆದಂತೆ ಇಂಥ ಜಾಗಗಳ ಮೇಲೆ ಎಲ್ಲರ ಕಣ್ಣು ಬೀಳುತ್ತದೆ ಎಂಬುದು ನಗರವಾಸಿಗಳಾದ ನಿಮಗೆ ಹೇಳಬೇಕಾದ ಮಾತಲ್ಲ.

ಓಡಿಹೋಗುವುದಿಲ್ಲವೇಕೆ?

ಶೀರ್ಷಿಕೆಯ ಪ್ರಶ್ನೆಗೆ ಈಗ ಬರೋಣ. ಗೋಡೆಯಿಲ್ಲ, ಬೀಗವಿಲ್ಲ, ಬಸ್ ಸ್ಟಾಂಡು ಹತ್ತಿರದಲ್ಲೇ ಇದೆ. ಆದರೂ ಕೈದಿ ಏಕೆ ಓಡುವುದಿಲ್ಲ?

ಮೊದಲನೆಯ ಕಾರಣ, ಅವನಿಗೆ ಕಳೆದುಕೊಳ್ಳಲು ಏನೋ ಇದೆ. ಮುಚ್ಚಿದ ಜೈಲಿನಲ್ಲಿ ಇರುವವನಿಗೆ ಕಳೆದುಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ. ಇಲ್ಲಿ ಹೆಂಡತಿ ಒಲೆಯ ಮುಂದೆ ಕಾಯುತ್ತಿರುತ್ತಾಳೆ, ಮಗ ಶಾಲೆಗೆ ಹೋಗುತ್ತಿರುತ್ತಾನೆ, ತಿಂಗಳ ಕೊನೆಗೆ ಸಂಬಳ ಬರುತ್ತದೆ. ಓಡಿದರೆ ಒಂದು ದಿನ ಸಿಕ್ಕಿಬೀಳುವುದು ಖಚಿತ, ಸಿಕ್ಕಿಬಿದ್ದರೆ ಮತ್ತೆ ಎತ್ತರದ ಗೋಡೆಯೊಳಗೆ.

ಎರಡನೆಯದು, ನಂಬಿಕೆಯನ್ನು ಒಮ್ಮೆಲೇ ಕೊಟ್ಟಿರುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕೊಟ್ಟಿರುತ್ತಾರೆ. ಮೊದಲು ಜೈಲಿನೊಳಗಿನ ನಡತೆ ನೋಡುತ್ತಾರೆ. ಪೆರೋಲ್ ಮೇಲೆ ಊರಿಗೆ ಹೋದವನು ಹೇಳಿದ ದಿನಕ್ಕೆ ಮರಳಿ ಬಂದನೇ ಎಂದು ನೋಡುತ್ತಾರೆ. ಹೀಗೆ ಹಂತ ಹಂತವಾಗಿ ಪರೀಕ್ಷೆಯಾದವನೇ ಬಯಲಿಗೆ ಬರುವುದು. ಹೊಸ ಸೊಸೆಯ ಕೈಗೆ ಮನೆಯ ಬೀಗದ ಕೈಗೊಂಚಲು ಮೊದಲ ದಿನವೇ ಬರುವುದಿಲ್ಲವಲ್ಲ, ಹಾಗೆ.

ಮೂರನೆಯದು, ಒಬ್ಬ ತಪ್ಪಿದರೆ ಉಳಿದವರ ಮೇಲೂ ಕಟ್ಟುಪಾಡು ಬಿಗಿಯಾಗಬಹುದು. ಆದ್ದರಿಂದ ಕಾವಲುಗಾರನಿಗಿಂತ ನೆರೆಮನೆಯವನ ಕಣ್ಣೇ ಹೆಚ್ಚು ಎಚ್ಚರವಾಗಿರುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಬಯಲು ಬಂದೀಖಾನೆಗೆ ಬರುವವರು ಆರಿಸಿದ ಕೈದಿಗಳು. ಆದ್ದರಿಂದ ಅಲ್ಲಿನ ಒಳ್ಳೆಯ ಫಲಿತಾಂಶವನ್ನು ಹಿಡಿದು ಎಲ್ಲರನ್ನೂ ಬಯಲಿಗೆ ಬಿಟ್ಟರೂ ಹೀಗೇ ಆಗುತ್ತದೆ ಎಂದು ವಾದಿಸಲಾಗದು. ಮೈಮೇಲೆ ಎಚ್ಚರವಿಲ್ಲದ ಕ್ರೂರಿಗಳೂ, ಹೊರಗೆ ಗ್ಯಾಂಗ್ ಕಟ್ಟಿಕೊಂಡವರೂ ಇದ್ದಾರೆ. ಅವರಿಗೆ ಗೋಡೆ ಬೇಕು. ನಮ್ಮ ತಪ್ಪು ಬೇರೆ ಕಡೆಯಿದೆ. ಗೋಡೆ ಬೇಕಾದವರಿಗೆ ಕಟ್ಟಿದ ಗೋಡೆಯನ್ನು ಎಲ್ಲರಿಗೂ ಹಾಕಿಬಿಟ್ಟಿದ್ದೇವೆ.

ದೇಶದ 1,330 ಜೈಲುಗಳಲ್ಲಿ 2022ರ ಕೊನೆಗೆ ಬಯಲು ಬಂದೀಖಾನೆಗಳು ಬರೀ 91. ಅತಿ ಹೆಚ್ಚು ಇರುವುದು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಹೆಸರಾದದ್ದು ದೇವನಹಳ್ಳಿ ತಾಲೂಕಿನ ಕೋರಮಂಗಲದ ಬಯಲು ಬಂದೀಖಾನೆ. ಬೆಂಗಳೂರಿನ ಕೋರಮಂಗಲ ಎಂದು ತಪ್ಪು ತಿಳಿಯಬೇಡಿ, ಇದು ಹಳ್ಳಿ. ಹೈದರಾಬಾದಿನವರಿಗೆ ಚರ್ಲಪಲ್ಲಿಯಲ್ಲಿ ಕೈದಿಗಳ ಕೃಷಿ ಕಾಲೊನಿ ಇರುವುದು ಗೊತ್ತಿರಬಹುದು. ವಿಚಿತ್ರವೆಂದರೆ ಮುಚ್ಚಿದ ಜೈಲುಗಳು ತುಂಬಿ ತುಳುಕುತ್ತಿರುವಾಗಲೂ ಬಯಲು ಬಂದೀಖಾನೆಗಳಲ್ಲಿ ಇರುವ ಜಾಗ ಪೂರ್ತಿ ತುಂಬುವುದಿಲ್ಲ. ಹಲವು ರಾಜ್ಯಗಳಲ್ಲಿ ಮಹಿಳಾ ಕೈದಿಗಳಿಗೆ ಈ ಬಾಗಿಲು ಬಹುಕಾಲ ತೆರೆದಿರಲೂ ಇಲ್ಲ.

ನಾರ್ವೆಗೆ ಸಾಧ್ಯ, ನಮಗೆ?

ಜೈಲು ಸುಧಾರಣೆ ಎಂದ ಕೂಡಲೇ ನಾರ್ವೆ ದೇಶದ ಮಾತು ಬರುತ್ತದೆ. ಅಲ್ಲಿನ ಹಾಲ್ಡೆನ್ ಜೈಲು 2010ರಲ್ಲಿ ಆರಂಭವಾಯಿತು. ಬಿಗಿ ಭದ್ರತೆಯ ಜೈಲಾದರೂ ಕಿಟಕಿಗೆ ಕಂಬಿಗಳಿಲ್ಲ. ಸಿಬ್ಬಂದಿ ಕೈದಿಗಳ ಜೊತೆ ಕೂತು ಊಟ ಮಾಡುತ್ತಾರೆ, ಆಡುತ್ತಾರೆ. ಜೈಲು ಸಿಬ್ಬಂದಿಗೆ ಎರಡು ವರ್ಷಗಳ ತರಬೇತಿ ಕಡ್ಡಾಯ. ಒಳಗಿನ ಬದುಕು ಹೊರಗಿನ ಬದುಕಿಗೆ ಸಾಧ್ಯವಾದಷ್ಟೂ ಹತ್ತಿರವಿರಬೇಕು ಎಂಬುದು ಅವರ ನೀತಿ. ಅಲ್ಲಿ ಬಿಡುಗಡೆಯಾದವರಲ್ಲಿ ಎರಡು ವರ್ಷದೊಳಗೆ ಮತ್ತೆ ಶಿಕ್ಷೆಗೊಳಗಾಗುವವರು ಸುಮಾರು ಐವರಲ್ಲಿ ಒಬ್ಬರು. ಬೇರೆ ಎಷ್ಟೋ ದೇಶಗಳಲ್ಲಿ ಈ ಪ್ರಮಾಣ ಬಹಳ ಹೆಚ್ಚು.

‘ಅದು ದುಡ್ಡಿರುವ ದೇಶ, ಜನವೂ ಕಡಿಮೆ, ನಮಗೆ ಹೇಗೆ ಸಾಧ್ಯ?’ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಹಾಲ್ಡೆನ್‌ನಂಥ ಕಟ್ಟಡ ನಮಗೆ ಬೇಕಾಗಿಲ್ಲ. ನಾರ್ವೆ ಹಣ ಸುರಿದು ಮಾಡಿದ್ದನ್ನು ಸಾಂಗಾನೇರ್ ಹಣ ಉಳಿಸಿ ಮಾಡಿ ತೋರಿಸಿದೆ. ಎರಡರ ತಿರುಳು ಒಂದೇ. ಮನುಷ್ಯನಿಗೆ ಜವಾಬ್ದಾರಿ ಕೊಟ್ಟರೆ ಜವಾಬ್ದಾರಿ ಕಲಿಯುತ್ತಾನೆ. ಹಲವು ವರ್ಷ ಯಾವ ಬಾಗಿಲನ್ನೂ ತಾನೇ ತೆರೆಯದ, ಯಾವ ಊಟವನ್ನೂ ತಾನೇ ಬೇಯಿಸದ, ಒಂದು ರೂಪಾಯಿಯ ಲೆಕ್ಕವನ್ನೂ ತಾನೇ ಇಡದ ಮನುಷ್ಯ ಒಂದು ಬೆಳಿಗ್ಗೆ ಗೇಟಿನ ಹೊರಗೆ ನಿಂತರೆ, ರಸ್ತೆ ದಾಟಲೂ ಅವನಿಗೆ ಭಯವಾಗುತ್ತದೆ.

ನಿಮ್ಮ ನಗರದ ಗೋಡೆಗಳ ಒಳಗೆ

ಎಲ್ಲರೂ ಬಯಲಿಗೆ ಬರಲಾಗದು. ಗೋಡೆಯ ಒಳಗೇ ಏನು ಮಾಡಬಹುದು ಎಂಬುದಕ್ಕೂ ಉದಾಹರಣೆಗಳು ನಿಮ್ಮ ಸುತ್ತಮುತ್ತ ಇವೆ. ದೆಹಲಿಯ ತಿಹಾರಿನಲ್ಲಿ ಕಿರಣ್ ಬೇಡಿ 1993ರಿಂದ 1995ರವರೆಗೆ ಮುಖ್ಯಸ್ಥೆಯಾಗಿದ್ದಾಗ ಓದು ಬರಹ, ದೂರಿನ ಪೆಟ್ಟಿಗೆ, ಧ್ಯಾನ ಶಿಬಿರಗಳು ಬಂದವು. 1994ರ ಏಪ್ರಿಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ವಿಪಶ್ಯನ ಶಿಬಿರದಲ್ಲಿ ಕುಳಿತರು. ತಿಹಾರಿನ ಬೇಕರಿ ತಿನಿಸುಗಳು ‘ಟೀಜೇಸ್’ ಹೆಸರಿನಲ್ಲಿ ಮಾರಾಟವಾಗುತ್ತವೆ. ಹೈದರಾಬಾದಿನಲ್ಲಿ ಜೈಲು ಇಲಾಖೆಯ ಪೆಟ್ರೋಲ್ ಬಂಕಿನಲ್ಲಿ ನಿಮ್ಮ ಸ್ಕೂಟರಿಗೆ ಪೆಟ್ರೋಲ್ ಹಾಕಿದವನು ಕೈದಿಯೇ ಆಗಿರಬಹುದು. ಚೆನ್ನೈಯ ಪುಳಲ್‌ನಲ್ಲಿ 2023ರಲ್ಲಿ ಮಹಿಳಾ ಕೈದಿಗಳೇ ನಡೆಸುವ ಬಂಕ್ ಶುರುವಾಯಿತು.

ರೇಡಿಯೊ ಕೇಳುಗರಾದ ನಿಮಗೆ ಖುಷಿ ಕೊಡುವ ಇನ್ನೊಂದು ಸಂಗತಿ. ದೆಹಲಿಗೆ ಹತ್ತಿರದ ಹರಿಯಾಣದ ಪಾಣಿಪತ್ ಜೈಲಿನಲ್ಲಿ 2021ರಲ್ಲಿ ರೇಡಿಯೊ ಆರಂಭವಾಯಿತು. ಕೈದಿಗಳೇ ಅಲ್ಲಿ ನಿರೂಪಕರು, ಕೈದಿಗಳೇ ಕೇಳುಗರು. ಕೊರೊನಾ ಕಾಲದಲ್ಲಿ ಮನೆಯವರ ಭೇಟಿ ನಿಂತುಹೋಗಿದ್ದವರಿಗೆ ಒಂದು ಧ್ವನಿ ಎಷ್ಟು ದೊಡ್ಡದು ಎಂದು ನಿಮಗೆ ವಿವರಿಸಬೇಕಿಲ್ಲ.

ಕನ್ನಡದ ಮಟ್ಟಿಗೆ ಹೆಮ್ಮೆಯ ಹೆಸರು ಮೈಸೂರಿನ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟಿಮನಿ ಅವರದು. 1990ರ ದಶಕದ ಕೊನೆಯಿಂದ ಅವರು ಜೈಲುಗಳಿಗೆ ಹೋಗಿ ಕೈದಿಗಳಿಂದ ನಾಟಕ ಆಡಿಸಿದರು. ಎಚ್.ಎಸ್. ಶಿವಪ್ರಕಾಶರು ಮ್ಯಾಕ್‌ಬೆತ್ ನಾಟಕವನ್ನು ಕನ್ನಡಕ್ಕೆ ಒಗ್ಗಿಸಿ ಬರೆದ ‘ಮಾರನಾಯಕನ ದೃಷ್ಟಾಂತ’ವನ್ನೂ ಕೈದಿಗಳು ಆಡಿದರು. ಕೊಲೆ ಮಾಡಿದವನ ನಿದ್ದೆಗೆಟ್ಟ ಮನಸ್ಸಿನ ನಾಟಕವನ್ನು ಜೀವಾವಧಿ ಶಿಕ್ಷೆಯ ಕೈದಿಗಳು ಆಡುವುದೆಂದರೆ ಅದು ಬರೀ ಮನರಂಜನೆಯಾಗಿರಲು ಸಾಧ್ಯವಿಲ್ಲ.

ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಒಬ್ಬ ಒಳ್ಳೆಯ ಅಧಿಕಾರಿ ಬಂದಾಗ ಶುರುವಾಗಿ, ಅವರಿಗೆ ವರ್ಗವಾದಾಗ ಸೊರಗುವುದು ನಮ್ಮಲ್ಲಿ ಮಾಮೂಲು. ಕಾನೂನಿನ ಬೆನ್ನೆಲುಬು ಬೇಕು. ನಮ್ಮ ಜೈಲುಗಳು ಬಹುಕಾಲ ನಡೆದದ್ದು ಬ್ರಿಟಿಷರ 1894ರ ಕಾಯ್ದೆಯ ಮೇಲೆ. ಕೇಂದ್ರ ಸರ್ಕಾರ 2023ರಲ್ಲಿ ಸುಧಾರಣೆಗೆ ಒತ್ತು ಕೊಟ್ಟ ಮಾದರಿ ಕಾಯ್ದೆಯೊಂದನ್ನು ರಚಿಸಿ ರಾಜ್ಯಗಳಿಗೆ ಕಳಿಸಿತು. ಜೈಲು ರಾಜ್ಯದ ವಿಷಯವಾದ್ದರಿಂದ ಅದನ್ನು ಒಪ್ಪುವುದು ರಾಜ್ಯಗಳಿಗೆ ಬಿಟ್ಟದ್ದು. ಕಸ ಗುಡಿಸುವುದು ಇಂಥ ಜಾತಿಯವರು, ಅಡುಗೆ ಮಾಡುವುದು ಇಂಥವರು ಎಂದು ವಿಂಗಡಿಸುವ ನಿಯಮಗಳು ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಇನ್ನೂ ಉಳಿದಿದ್ದವು. ಸುಪ್ರೀಂ ಕೋರ್ಟ್ ಅವನ್ನು ತೆಗೆದುಹಾಕಿದ್ದು 2024ರ ಅಕ್ಟೋಬರಿನಲ್ಲಿ. ಎಷ್ಟು ತಡ ನೋಡಿ.

ನೊಂದವರ ಪಾಡೇನು?

ಇಷ್ಟು ಓದಿದ ಮೇಲೆ ನಿಮ್ಮ ಮನಸ್ಸಿನಲ್ಲಿ ಒಂದು ಆಕ್ಷೇಪ ಎದ್ದಿರಬಹುದು. ‘ಕೊಂದವನು ಹೆಂಡತಿ ಮಕ್ಕಳ ಜೊತೆ ಬಯಲಿನಲ್ಲಿ ಸಂಸಾರ ಮಾಡುತ್ತಾನೆ. ಸತ್ತವನ ಹೆಂಡತಿ ಮಕ್ಕಳಿಗೆ ಏನು ಹೇಳುತ್ತೀರಿ?’ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವವರ ಸುಧಾರಣೆಯ ಮಾತಿಗೆ ಬೆಲೆಯಿಲ್ಲ.

ಉತ್ತರ ಇಷ್ಟು. ಬಯಲು ಬಂದೀಖಾನೆ ಶಿಕ್ಷೆಯ ಮಾಫಿಯಲ್ಲ, ಶಿಕ್ಷೆಯದೇ ಕೊನೆಯ ಭಾಗ. ವರ್ಷಗಟ್ಟಲೆ ಗೋಡೆಯೊಳಗೆ ಕಳೆದ ಮೇಲೆ ಬರುವ ಭಾಗ. ಎರಡನೆಯದಾಗಿ, ಅಪರಾಧಿ ಖಾಲಿ ಕೂತು ಕೊಳೆಯುವುದರಿಂದ ಸತ್ತವನ ಮನೆಯವರ ಒಲೆ ಉರಿಯುವುದಿಲ್ಲ. ಅವನು ದುಡಿದರೆ ಅದರಲ್ಲಿ ಅವರಿಗೂ ಪಾಲು ಕೊಡಿಸಬಹುದು. ಗುಜರಾತಿನ ಪ್ರಕರಣವೊಂದರಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಕೈದಿಗಳಿಗೆ ನ್ಯಾಯವಾದ ಕೂಲಿ ಕೊಡಬೇಕು, ಆ ಕೂಲಿಯ ಒಂದು ಭಾಗವನ್ನು ನೊಂದವರ ಪರಿಹಾರಕ್ಕೆ ತೆಗೆದಿಡಲು ರಾಜ್ಯಗಳು ಕಾನೂನು ಮಾಡಬೇಕು ಎಂದಿತು. ನೊಂದವರ ಕಡೆಯ ಈ ಅರ್ಧ ಕೆಲಸ ನಮ್ಮಲ್ಲಿ ಇನ್ನೂ ಸರಿಯಾಗಿ ಆಗಿಲ್ಲ. ಅದು ಆಗುವವರೆಗೆ ಸುಧಾರಣೆಯ ತಕ್ಕಡಿ ಒಂದೇ ಕಡೆ ವಾಲಿದಂತೆ ಜನರಿಗೆ ಕಾಣುವುದು ಸಹಜ.

ನೀವು ಏನು ಮಾಡಬಹುದು?

ಬಯಲು ಬಂದೀಖಾನೆ ಸಜಾ ಆದವರಿಗೆ. ನಾಲ್ವರಲ್ಲಿ ಮೂವರಾದ ವಿಚಾರಣಾಧೀನ ಕೈದಿಗಳಿಗೆ ಬೇಕಾದದ್ದು ಬೇಗ ವಿಚಾರಣೆ ಮತ್ತು ಕೈಗೆಟುಕುವ ಜಾಮೀನು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಇಲ್ಲಿ ಮುಖ್ಯ. ಹಿಂದೆಂದೂ ಯಾವ ಅಪರಾಧಕ್ಕೂ ಶಿಕ್ಷೆಗೊಳಗಾಗದವನು, ಈಗಿನ ಆರೋಪದ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಮೂರರಲ್ಲಿ ಒಂದು ಭಾಗ ಆಗಲೇ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಉಳಿದವರಿಗೆ ಅರ್ಧ ಭಾಗ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪಗಳಿಗೆ ಇದು ಅನ್ವಯಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಕೇಸುಗಳಿದ್ದರೂ ಕಷ್ಟ. ಹಳೆಯ ಕೇಸುಗಳಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟಿನಲ್ಲಿ 밝ಪಡಿಸಿತು.

ಇದು ನಿಮಗೆ ಏಕೆ ಗೊತ್ತಿರಬೇಕು? ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಕಡೆಯಿಂದ ನೀವಿರುವ ಊರಿಗೆ ಕೂಲಿಗೆ ಬರುವ ನಮ್ಮ ಜನ ಬಹಳ. ಕಟ್ಟಡದ ಕೆಲಸ, ರಸ್ತೆ ಕೆಲಸ, ಗಾರೆ ಕೆಲಸ. ಅವರಲ್ಲೊಬ್ಬ ಯಾವುದೋ ಜಗಳದಲ್ಲಿ, ಯಾವುದೋ ಅನುಮಾನದಲ್ಲಿ ಒಳಗೆ ಹೋದನೆಂದು ಇಟ್ಟುಕೊಳ್ಳಿ. ಅಲ್ಲಿ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿ. ತನ್ನ ಮೇಲಿನ ಆರೋಪವೇನೆಂದೂ ತಿಳಿಯದು, ಊರಿಗೆ ಸುದ್ದಿ ಮುಟ್ಟಿಸುವವರಿಲ್ಲ, ಶ್ಯೂರಿಟಿಗೆ ಗುರುತಿನವರಿಲ್ಲ.

ಅಂಥವನ ಮನೆಯವರು ನಿಮ್ಮನ್ನು ಹುಡುಕಿಕೊಂಡು ಬಂದರೆ ಮೂರು ಮಾತು ಹೇಳಿ. ಒಂದು, ಜೈಲಿನಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಇದನ್ನು ಕೊಟ್ಟಿದೆ. ಎರಡು, ಪ್ರತಿ ಜಿಲ್ಲಾ ನ್ಯಾಯಾಲಯದಲ್ಲೂ ಈ ಪ್ರಾಧಿಕಾರದ ಕಚೇರಿಯಿದೆ. 15100 ಅದರ ಸಹಾಯವಾಣಿ. ಮೂರು, ಸಾಕ್ಷ್ಯವನ್ನು ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕೆಂದು ಕಾನೂನೇ ಹೇಳುತ್ತದೆ. ಕನ್ನಡ ಬಲ್ಲವರು ಬೇಕೆಂದು ಕೇಳಲು ಸಂಕೋಚ ಬೇಡ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಈ ಪ್ರಾಧಿಕಾರಗಳು ವಕೀಲರಲ್ಲದ ಸಾಮಾನ್ಯರನ್ನೂ ಪ್ಯಾರಾ ಲೀಗಲ್ ಸ್ವಯಂಸೇವಕರನ್ನಾಗಿ ತರಬೇತಿ ಕೊಟ್ಟು ತೆಗೆದುಕೊಳ್ಳುತ್ತವೆ. ನಿವೃತ್ತ ಮೇಷ್ಟರು, ಬ್ಯಾಂಕಿನವರು, ಗೃಹಿಣಿಯರು ಯಾರೂ ಆಗಬಹುದು. ಎರಡು ಭಾಷೆ ಬಲ್ಲ ನಿಮ್ಮಂಥವರ ಬೆಲೆ ಅಲ್ಲಿ ಬಹಳ. ನಿಮ್ಮ ಊರಿನ ಕನ್ನಡ ಸಂಘ ರಾಜ್ಯೋತ್ಸವದ ಜೊತೆಗೆ ವರ್ಷಕ್ಕೊಮ್ಮೆ ಇಂಥ ಇಬ್ಬರು ಮೂವರನ್ನು ಸಿದ್ಧಪಡಿಸಿದರೂ ಅದು ದೊಡ್ಡ ಕನ್ನಡ ಸೇವೆಯೇ.

ಕೊನೆಯದಾಗಿ, ಶಿಕ್ಷೆ ಮುಗಿಸಿ ಬಂದವನು ಎದುರಾದಾಗಿನ ಮಾತು. ಕೈದಿಯ ನಿಜವಾದ ಪರೀಕ್ಷೆ ಶುರುವಾಗುವುದು ಗೇಟಿನ ಹೊರಗೆ. ಕೆಲಸ ಕೇಳಿದಾಗ, ಮನೆ ಬಾಡಿಗೆಗೆ ಕೇಳಿದಾಗ, ಮಗನನ್ನು ಶಾಲೆಗೆ ಸೇರಿಸುವಾಗ ಪ್ರತಿ ಬಾಗಿಲೂ ಮುಚ್ಚಿದರೆ ಅವನಿಗೆ ತೆರೆದಿರುವುದು ಹಳೆಯ ಸಹವಾಸದ ಬಾಗಿಲೊಂದೇ. ಎಲ್ಲರನ್ನೂ ಕಣ್ಣುಮುಚ್ಚಿ ನಂಬಿ ಎಂದು ಇಲ್ಲಿ ಹೇಳುತ್ತಿಲ್ಲ. ಸಾಂಗಾನೇರಿನಲ್ಲಿ ಮಾಡುವಂತೆ ಮೆಟ್ಟಿಲು ಮೆಟ್ಟಿಲಾಗಿ ನಂಬಿ. ಮೊದಲು ಒಂದು ಸಣ್ಣ ಕೆಲಸ, ಆಮೇಲೆ ಇನ್ನೊಂದು. ಸರ್ಕಾರ ಎಷ್ಟೇ ಬಯಲು ಬಂದೀಖಾನೆ ಕಟ್ಟಿದರೂ ಕೊನೆಯ ಮೆಟ್ಟಿಲು ಇರುವುದು ನಮ್ಮ ನಿಮ್ಮ ಬೀದಿಯಲ್ಲೇ.